ಎದೆಯಲ್ಲಿ ಮೂರು, ಸೀಲಿಂಗಿನಲ್ಲಿ ಎಂಟು

ತಲೆಯ ಮೇಲೊಂದು ಸೂರಿದ್ದರೆ ಸಾಕು ಎಂದು ಐವತ್ತೇಳು ವರ್ಷ ನಂಬಿಕೊಂಡು ಬಂದವನು ನಾನು. ಆ ಸೂರು ಹಾಡಲೂ ಬೇಕು ಎಂದು ನನಗೆ ತಿಳಿಸಿಕೊಟ್ಟವಳು ನನ್ನ ಹೆಂಡತಿ ಮಣಿಮೇಗಲೈ. ಅವಳಿಗೆ ತಿಳಿಸಿಕೊಟ್ಟವಳು ಅವಳ ತಂಗಿ ಜೆಯಂತಿ. ಜೆಯಂತಿಗೆ ತಿಳಿಸಿಕೊಟ್ಟವರು ಯಾರೋ ನನಗೆ ಗೊತ್ತಿಲ್ಲ, ಅವರ ಬಾಯಿಗೆ ಮಣ್ಣು ಬೀಳಲಿ.

ದಿಂಡಿಗಲ್‌ನಲ್ಲಿ ಜೆಯಂತಿ ಹೊಸ ಮನೆ ಕಟ್ಟಿಸಿ ನಮ್ಮನ್ನು ಊಟಕ್ಕೆ ಕರೆದಿದ್ದಳು. ಹೋಗಿ ಕೂತರೆ ಹಾಲಿನಲ್ಲಿ ನಾದಸ್ವರ ಕೇಳುತ್ತಿದೆ, ಆದರೆ ರೇಡಿಯೋ ಇಲ್ಲ, ಪೆಟ್ಟಿಗೆ ಇಲ್ಲ, ಒಂದು ವೈರೂ ಇಲ್ಲ. ನನ್ನ ಹೆಂಡತಿ ಸೋಫಾದ ಹಿಂದೆ ಬಗ್ಗಿ ನೋಡಿದಳು, ದೇವರ ಪಟದ ಹಿಂದೆ ಇಣುಕಿದಳು. ಆಮೇಲೆ ಜೆಯಂತಿ ಒಂದು ಬೆರಳನ್ನು ಮೇಲಕ್ಕೆ ಎತ್ತಿದಳು. ಸೀಲಿಂಗಿನಲ್ಲಿ ಊಟದ ತಟ್ಟೆಯಷ್ಟು ಅಗಲದ ಬಿಳಿಯ ಬಿಲ್ಲೆಗಳು. ಸಂಗೀತ ಅಲ್ಲಿಂದ ಅಶರೀರವಾಣಿಯಂತೆ ಇಳಿಯುತ್ತಿತ್ತು.

ಬಸ್ಸಿನಲ್ಲಿ ವಾಪಸು ಬರುವಾಗ ವತ್ತಲಗುಂಡು ದಾಟುವವರೆಗೂ ನನ್ನ ಹೆಂಡತಿ ತುಟಿ ಬಿಚ್ಚಲಿಲ್ಲ. ಅವಳು ಮಾತಾಡಿದರೆ ಜಗಳ, ಮಾತಾಡದಿದ್ದರೆ ಖರ್ಚು. ತೇನಿ ಬಂತು, ಇಳಿದೆವು. ಆಗ ಅಂದಳು, "ಮಾವ, ನಮ್ಮ ಮನೇಲೂ ಮೇಲಿಂದಾನೇ ಕೇಳಬೇಕು." (ನಮ್ಮಲ್ಲಿ ಹೆಂಡತಿ ಗಂಡನನ್ನು ಮಾವ ಎನ್ನುತ್ತಾಳೆ. ಗೌರವಕ್ಕೆ ಅಂತ ಹೇಳುತ್ತಾರೆ, ನಾನು ಇದುವರೆಗೆ ನೋಡಿಲ್ಲ.)

"ಮಣಿ, ಸೀಲಿಂಗಿನ ಕೆಲಸ ಮುಗಿದು ಬಣ್ಣ ಹೊಡೆದು ನಾಲ್ಕು ದಿನ ಆಯ್ತು ಕಣೇ."

"ಆದ್ರೆ ಏನು? ತೂತ ಕೊರೆದ್ರಾಯ್ತು."

ಹೊಸ ಮನೆಯ ಬಗ್ಗೆ ಹೇಳಿಬಿಡುತ್ತೇನೆ. ನಾವು ತೇನಿಯವರು. ನಮ್ಮ ಹಿರಿಯರು ಯಾವ ಕಾಲದಲ್ಲೋ ದನ ಹೊಡೆದುಕೊಂಡು ಈ ಕಂಬಂ ಕಣಿವೆಗೆ ಬಂದು ನೆಲ ಉತ್ತು ನಿಂತವರು. ಬೀದಿಯಲ್ಲಿ ತಮಿಳು, ಮನೆಯೊಳಗೆ ಕನ್ನಡ. ಕಣಿವೆಯ ದ್ರಾಕ್ಷಿ ತೋಟಗಳಿಗೆ ಹನಿ ನೀರಿನ ಪೈಪು ಮಾರುವುದು ನನ್ನ ಕಸುಬು. ಮೂವತ್ತು ವರ್ಷ ಮಾರಿ ಕೊನೆಗೊಂದು ಮನೆ ಕಟ್ಟಿಸಿ, ಒಳಗೆಲ್ಲ ಹೊಸ ನಮೂನೆಯ ಅಲಂಕಾರ ಮಾಡಿಸಿದೆವು. ನನ್ನ ಗೃಹಲಕ್ಷ್ಮಿಯ ಆಜ್ಞೆ ಒಂದೇ: ಏನೂ ಕಾಣಬಾರದು. ಬೀರುವಿಗೆ ಹಿಡಿ ಕಾಣಬಾರದು, ಬಾಗಿಲಿಗೆ ಚಿಲಕ ಕಾಣಬಾರದು, ಗ್ಯಾಸ್ ಸಿಲಿಂಡರ್ ಕಾಣಬಾರದು. ಒಂದು ದಿನ ಕಕ್ಕಸಿನ ಬಾಗಿಲೇ ಕಾಣದೆ ನಾನು ಗೋಡೆಯನ್ನು ಮೂರು ಕಡೆ ತಳ್ಳಿ ನೋಡಿದ್ದೇನೆ.

ಇನ್ನೂ ಒಂದು ವಿಷಯ ಕಾಣದ ಹಾಗೆ ಇತ್ತು. ಅದನ್ನು ಮುಚ್ಚಿಟ್ಟವನು ನಾನು.

ಏಣಿ ಹತ್ತಿದರೆ ಎದೆ ಹಿಡಿಯುತ್ತಿತ್ತು. ಪೈಪು ಮಾರುವವರ ಮೀಟಿಂಗು ಎಂದು ಮನೆಯಲ್ಲಿ ಸುಳ್ಳು ಹೇಳಿ ಮಧುರೆಗೆ ಹೋಗಿ ತೋರಿಸಿಕೊಂಡೆ. ಕೈಯ ಮಣಿಕಟ್ಟಿನಿಂದ ತಂತಿ ತೂರಿಸಿ ಒಳಗೆಲ್ಲ ನೋಡಿದರು. ಎದೆಯಲ್ಲಿ ಮೂರು ಕಡೆ ಅಡೈಪ್ಪು ಎಂದರು ಡಾಕ್ಟರು. ಅಡೈಪ್ಪು ಎಂದರೆ ರಕ್ತ ಹೋಗುವ ದಾರಿ ಮುಚ್ಚಿಕೊಂಡಿರುವುದು. ಪೈಪಿನಲ್ಲಿ ಉಪ್ಪು ಕಟ್ಟಿಕೊಂಡರೆ ತೋಟ ಒಣಗುತ್ತದೆ ಎಂದು ರೈತರಿಗೆ ಪಾಠ ಹೇಳುತ್ತಾ ಬಂದವನು ನಾನು, ನನಗೆ ಅದನ್ನು ಬೇರೆಯವರು ಬಿಡಿಸಿ ಹೇಳಬೇಕಾಗಿರಲಿಲ್ಲ.

"ಎದೆ ತೆರೆದು ಆಪರೇಷನ್ ಮಾಡಬೇಕು. ಈ ವಾರವೇ ಬಂದು ಸೇರಿಕೊಳ್ಳಿ" ಎಂದರು.

"ಮುಂದಿನ ತಿಂಗಳು ಗೃಹಪ್ರವೇಶ ಇದೆ, ಡಾಕ್ಟರ್."

"ಯಾವ ಮನೆಗೆ?" ಎಂದು ಕೇಳಿದರು ಡಾಕ್ಟರು. ಮುಖದಲ್ಲಿ ನಗುವಿರಲಿಲ್ಲ.

ನಿಜ ಹೇಳುತ್ತೇನೆ, ನನಗೆ ಭಯ. ಎದೆಯ ಮೂಳೆಯನ್ನು ಗರಗಸದಲ್ಲಿ ಕೊಯ್ದು, ಎರಡು ಕಡೆಗೆ ಬಾಗಿಲಿನ ಹಾಗೆ ತೆರೆಯುತ್ತಾರಂತೆ. ಅದನ್ನು ಕೇಳಿದ ರಾತ್ರಿಯಿಂದ ಬಡಗಿಯವರು ಹಲಗೆ ಕೊಯ್ದಾಗಲೆಲ್ಲ ನಾನು ಎದೆ ಮುಟ್ಟಿಕೊಂಡೆ. ಒಂದು ವೇಳೆ ಆ ಮೇಜಿನಿಂದ ಏಳದೇ ಹೋದರೆ? ಕಟ್ಟಿಸಿದ ಮನೆಯಲ್ಲಿ ಒಂದು ಹೊತ್ತಾದರೂ ಉಣ್ಣಬೇಡವೇ? ಹೆಂಡತಿಗೆ ಹೇಳಿದರೆ ಗೃಹಪ್ರವೇಶ ನಿಲ್ಲುತ್ತದೆ, ನನ್ನನ್ನು ಅವತ್ತೇ ಎಳೆದುಕೊಂಡು ಹೋಗುತ್ತಾಳೆ. ಹಾಲು ಉಕ್ಕಿದ ಮೇಲೆ ನೋಡೋಣ ಎಂದು ಔಷಧಿಯ ಚೀಟಿಯನ್ನು ಅಂಗಡಿಯ ಪೈಪಿನೊಳಗೆ ಸುರುಳಿ ಸುತ್ತಿ ತುರುಕಿದೆ.

ಆದರೆ ಮುತ್ತುಮಾರಿ ಅತ್ತೆಯ ಕಣ್ಣಿಗೆ ಮಣ್ಣೆರಚುವುದಕ್ಕೆ ಆಗಲಿಲ್ಲ. ಅವಳು ನನ್ನ ಅಪ್ಪನ ಅಕ್ಕ. ಚಿಕ್ಕಂದಿನಲ್ಲೇ ಗಂಡ ಸತ್ತು, ಮಕ್ಕಳಿಲ್ಲದೆ ತವರಿಗೆ ಬಂದು, ತಾಯಿಯಿಲ್ಲದ ನನ್ನನ್ನು ಸಾಕಿದವಳು. ಈಗ ಎಂಬತ್ತು ದಾಟಿದೆ, ನಾಲಿಗೆ ಮಾತ್ರ ಹದಿನಾರು. ನನ್ನ ಮಣಿಕಟ್ಟಿನ ಪಟ್ಟಿ ನೋಡಿ ಕೈ ಹಿಡಿದೆಳೆದಳು.

"ಇದೇನೋ ಇದು?"

"ಮುಳ್ಳು ಚುಚ್ಚಿತು ಅತ್ತೆ."

"ಆಸ್ಪತ್ರೆ ಮುಳ್ಳಾ?"

ಹೇಳಿಬಿಟ್ಟೆ. ಹೇಳಿ, ಅವಳ ಕೈಯನ್ನು ನನ್ನ ನೆತ್ತಿಯ ಮೇಲೆ ಇಟ್ಟುಕೊಂಡು ಆಣೆ ಹಾಕಿಸಿದೆ. ಗೃಹಪ್ರವೇಶ ಮುಗಿಯುವ ತನಕ ಮಣಿಯ ಹತ್ತಿರ ಒಂದು ಮಾತು ಹೇಳಬಾರದು, ಹೇಳಿದರೆ ನನ್ನ ತಲೆಗೆ ದೋಷ. ಅತ್ತೆ ಬಹಳ ಹೊತ್ತು ನನ್ನ ನೆತ್ತಿಯ ಮೇಲಿಂದ ಕೈ ತೆಗೆಯಲಿಲ್ಲ. "ಕತ್ತೆ ನನ್ ಮಗನೆ" ಎಂದಳು ಕೊನೆಗೆ. ಅವತ್ತಿನಿಂದ ಊಟ ಕಡಿಮೆ ಮಾಡಿದಳು.

ದಿಂಡಿಗಲ್‌ನಿಂದ ಬಾಲಮುರುಗನ್ ಬಂದ. ಸ್ಪೀಕರ್ ಕೂರಿಸುವುದರಲ್ಲಿ ಮಹಾಪಂಡಿತ, ಜೆಯಂತಿಯೇ ಕಳಿಸಿದವಳು. ಬಿಳಿ ಸೀಲಿಂಗಿನ ಕೆಳಗೆ ನಿಂತು ಕತ್ತು ಮೇಲೆತ್ತಿ, ಅಲ್ಲಲ್ಲಿ ಬೆರಳಿನಲ್ಲಿ ತಟ್ಟಿ ಕೇಳಿದ. ಮಧುರೆಯ ಡಾಕ್ಟರೂ ನನ್ನ ಬೆನ್ನಿಗೆ ಹೀಗೇ ತಟ್ಟಿದ್ದರು.

"ಅಣ್ಣೇ, ಹಾಲಿಗೆ ನಾಲ್ಕು, ಊಟದ ಕೋಣೆಗೆ ಎರಡು. ಮೊದಲೇ ಹೇಳಿದ್ದರೆ ವೈರು ಒಳಗೇ ಬಿಟ್ಟು ಸೀಲಿಂಗ್ ಮುಚ್ಚಬಹುದಿತ್ತು. ಈಗ ತೆರೆಯಲೇಬೇಕು" ಎಂದ ತಮಿಳಿನಲ್ಲಿ.

"ಮುಚ್ಚಿದ್ದನ್ನು ತೆರೆಯದೆ ಆಗುವುದಿಲ್ಲವೇ?" ಎಂದೆ ನಾನು. ಅವನು ನನ್ನನ್ನು ವಿಚಿತ್ರವಾಗಿ ನೋಡಿದ.

"ಆರಲ್ಲ, ಎಂಟು," ಎಂದಳು ಮಣಿ. "ಪೋರ್ಟಿಕೋಗೂ ಎರಡು ಬೇಕು. ಜೆಯಂತಿ ಕಾರಿಂದ ಇಳಿಯೋವಾಗ್ಲೇ ಕೇಳಬೇಕು."

"ಬೀದಿಗೆಲ್ಲ ಕೇಳುತ್ತಲ್ಲೇ!"

"ಕೇಳಲಿ ಬಿಡಿ ಮಾವ. ನಮ್ಮನೇಲಿ ಬಚ್ಚಿಡೋ ಅಂಥಾದ್ದು ಏನೈತೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಎದೆ ಮುಟ್ಟಿಕೊಂಡೆ.

ಮೂರು ದಿನ ಕೊರೆತ. ಹೊಸ ಮನೆಯಲ್ಲಿ ಬಿಳಿಯ ಪುಡಿ ಸುರಿದು ಎಲ್ಲರ ತಲೆಯೂ ನರೆಯಿತು. ಎಂಟು ತೂತುಗಳಿಂದ ವೈರುಗಳು ಕರುಳಿನ ಹಾಗೆ ಜೋತುಬಿದ್ದವು. ಪ್ರತಿ ಸಲ ಗರಗಸ ಗುರ್ ಎಂದಾಗ ನಾನು ಪೋರ್ಟಿಕೋಗೆ ಹೋಗಿ ನಿಲ್ಲುತ್ತಿದ್ದೆ. ಧೂಳಿಗೆ ಎದೆ ಬಿಗಿಯುತ್ತದೆ ಎಂದು ಹೇಳಿದ್ದಕ್ಕೆ, "ಕೆಲಸ ಅಂದ್ರೆ ನಿಮಗೆ ಎದೆ, ಊಟ ಅಂದ್ರೆ ಹೊಟ್ಟೆ" ಎಂದಳು ಮಣಿ. ಹಾಡುವ ಶಕ್ತಿಯನ್ನು ಕೊಡುವ ಯಂತ್ರವನ್ನು ಬಾಲಮುರುಗನ್ ಅಡುಗೆಮನೆಯ ಅಟ್ಟದಲ್ಲಿ ಹಲಗೆಯ ಹಿಂದೆ ಹೂತುಹಾಕಿದ. ಕರೆಂಟು ಹೋದರೂ ನಿಲ್ಲದ ಹಾಗೆ ಇನ್ವರ್ಟರ್‌ಗೆ ಸೇರಿಸಿದ. ಹಾಡು ಮಾತ್ರ ನನ್ನ ಫೋನಿನಿಂದ, ಗಾಳಿಯಲ್ಲೇ ಹೋಗುತ್ತದೆ, ಫೋನು ಮನೆಯ ಎಲ್ಲಿದ್ದರೂ ಸರಿ.

ಪರೀಕ್ಷೆಗೆಂದು ಅವನು ನಾದಸ್ವರ ಹಾಕಿದಾಗ ಮುತ್ತುಮಾರಿ ಅತ್ತೆ ಸೀಲಿಂಗಿನ ಕೆಳಗೆ ನಿಂತು ಮೇಲೆ ನೋಡಿದಳು.

"ಇದ್ರಾಗೆ ಯಾರ್ ಬೇಕಾದ್ರೂ ಪಾಡಬೋದಾ?"

"ಯಾರು ಬೇಕಾದರೂ, ಅತ್ತೆ. ಮೊದಲೇ ಪಾಡಿ ಇಟ್ಟರೆ ಸಾಕು."

ಅವಳು ಗೋಡೆಗೆ ಒರಗಿ ಕೂತು ನಿಧಾನವಾಗಿ ತನ್ನ ಕಷ್ಟ ಹೇಳಿದಳು. ನಮ್ಮ ಜನದಲ್ಲಿ ಸಾವಾದರೆ ಹೆಂಗಸರು ಸುತ್ತ ಕೂತು ಸತ್ತವರ ಹೆಸರು ಹಿಡಿದು ಹಾಡಿಕೊಂಡು ಅಳುತ್ತಾರೆ. ಒಪ್ಪಾರಿ ಎನ್ನುತ್ತೇವೆ. ಅದೂ ನಮ್ಮ ಮನೆಯ ಕನ್ನಡದಲ್ಲಿ. ಬೋಡಿಯಿಂದ ಕಂಬಂವರೆಗೆ ನಮ್ಮವರ ಎಷ್ಟು ಹೆಣಗಳಿಗೆ ಅತ್ತೆ ಅತ್ತಿದ್ದಾಳೋ ಲೆಕ್ಕವಿಲ್ಲ. ಈಗಿನ ಹುಡುಗಿಯರಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಬಾಯಿಂದ ಬರುವುದಿಲ್ಲ. "ಊರಿಗೆಲ್ಲ ನಾ ಅತ್ತೆ. ನಂಗೆ ಯಾರೋ ಅಳೋದು?" ಎಂದಳು.

ಅದೇ ಕ್ಷಣದಲ್ಲಿ ನನ್ನ ತಲೆಯಲ್ಲಿ ದಿವ್ಯವಾದೊಂದು ಉಪಾಯ ಹೊಳೆಯಿತು. (ನನಗೆ ಉಪಾಯ ಹೊಳೆದಾಗಲೆಲ್ಲ ಮನೆಯವರು ಜೋಯಿಸರ ಹತ್ತಿರ ಹೋಗಿ ಬರುವುದು ಒಳ್ಳೆಯದು.)

"ಅತ್ತೆ, ನೀನೇ ಹಾಡಿ ಫೋನಿನಲ್ಲಿ ಇಡು. ನಿನ್ನ ಕಾಲಕ್ಕೆ ಮೇಲಿಂದ ಕೇಳುತ್ತದೆ."

"ತನಗೆ ತಾನೇ ಅಳಬಾರದು ಕಣೋ. ಬೇರೆ ಹೆಸರು ಬೇಕು."

"ಯಾರದಾದರೂ ಹೆಸರು ಹಾಕು. ಹಾಡಿನ ಧಾಟಿ, ಮಾತು ಉಳಿದರೆ ಸಾಕು. ಆಮೇಲೆ ಯಾರಾದರೂ ಹುಡುಗಿಗೆ ಕಲಿಸಿ ನಿನ್ನ ಹೆಸರು ಸೇರಿಸೋಣ."

"ಯಾರ್ ಹೆಸರಾದ್ರೂ ಸರಿಯಾ?"

"ಸರಿ."

"ಏನ್ ಬೇಕಾದ್ರೂ ಅನ್ನಬೋದಾ?"

"ಒಪ್ಪಾರಿಯಲ್ಲಿ ಯಾರು ಯಾರನ್ನು ತಡೆದಿದ್ದಾರೆ ಅತ್ತೆ?" ಎಂದೆ ನಾನು, ಬುದ್ಧಿವಂತ.

ಫೋನಿನ ಕೆಂಪು ಗುಂಡಿ ಒತ್ತಿ ಕೊಟ್ಟೆ. ಅತ್ತೆ ಹಳೆಯ ಮನೆಯ ಅಕ್ಕಿ ಮೂಟೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಂದು ಗಂಟೆಯ ಮೇಲೆ ಕಣ್ಣು ಕೆಂಪಗೆ ಮಾಡಿಕೊಂಡು ಬಂದು ಫೋನು ವಾಪಸು ಕೊಟ್ಟಳು. ನಾನು ಕೇಳಿ ನೋಡಲಿಲ್ಲ. ಹಾಲು ಉಕ್ಕುವ ಮೊದಲು ಹೊಸ ಮನೆಯಲ್ಲಿ ಒಪ್ಪಾರಿ ಕೇಳಿಸಬಾರದು ಎಂಬ ಭಯ ಒಂದು ಕಡೆ. ಇನ್ನೊಂದು ಕಡೆ, ಆ ದಿನಗಳಲ್ಲಿ ಸಾವಿನ ಹಾಡು ಕೇಳುವ ಧೈರ್ಯ ನನಗೆ ಇರಲಿಲ್ಲ.

ಗೃಹಪ್ರವೇಶದ ದಿನ ಬಂತು. ಬೆಳಗಿನ ಮುಹೂರ್ತ. ಬೀದಿಗೆಲ್ಲ ಬಾಳೆಕಂಬ, ನಿಲಕ್ಕೋಟ್ಟೈನಿಂದ ಬಂದ ಮಲ್ಲಿಗೆ, ಹಾಲಿನ ತುಂಬ ನಮ್ಮ ಜನ. ಜೆಯಂತಿ ಕಾರಿನಿಂದ ಇಳಿದಾಗ ಪೋರ್ಟಿಕೋದ ಸೀಲಿಂಗಿನಿಂದ ನಾದಸ್ವರ ಅವಳ ನೆತ್ತಿಯ ಮೇಲೆ ಬಿತ್ತು. ಮಣಿ ಅವಳ ಮುಖವನ್ನೇ ನೋಡುತ್ತಿದ್ದಳು. ಜೆಯಂತಿ ಎರಡೂ ಬಿಲ್ಲೆಗಳನ್ನು ಎಣಿಸಿ, "ಹೊರಗೂ ಹಾಕ್ಸಿದ್ಯಾಕ್ಕಾ?" ಎಂದಳು. ಆ ಒಂದು ಮಾತಿಗಾಗಿ ನನ್ನ ಹೆಂಡತಿ ಮೂರು ದಿನ ಧೂಳು ಕುಡಿದಿದ್ದಳು.

ಪುರೋಹಿತರು ನನಗೆ ಅಂಗಿ ಬಿಚ್ಚಲು ಹೇಳಿದರು. ಬಿಚ್ಚಿ ಜೆಯಂತಿಯ ಕೈಗೆ ಕೊಟ್ಟೆ, ಅವಳು ಎಲ್ಲೋ ಇಟ್ಟಳು. ಫೋನು ಅಂಗಿಯ ಜೇಬಿನಲ್ಲಿತ್ತು. ಅಡುಗೆಮನೆಯಲ್ಲಿ ಒಲೆಯ ಮೇಲೆ ಹೊಸ ಮಡಕೆ, ಹಾಲು ಬಿಸಿಯಾಗುತ್ತಿದೆ. ಎಲ್ಲರೂ ಉಕ್ಕುವುದನ್ನು ಕಾಯುತ್ತಿದ್ದಾರೆ. ನಾದಸ್ವರ ಮುಗಿಯಿತು. ಬಾಲಮುರುಗನ್ ಆ ಒಂದು ಹಾಡನ್ನೇ ತಿರುಗಿ ತಿರುಗಿ ಬರುವಂತೆ ಮಾಡಿದ್ದಾನೆ ಎಂದು ನಾನು ನಂಬಿದ್ದೆ. ಅವನು ಮಾಡಿರಲಿಲ್ಲ. ಫೋನು ತಾನಾಗಿ ಅದರ ಮುಂದಿನದಕ್ಕೆ ಹೋಯಿತು.

ಎಂಟು ಸ್ಪೀಕರ್‌ಗಳಿಂದ ಒಂದು ದೀರ್ಘವಾದ ಉಸಿರು ಕೇಳಿಸಿತು. ಆಮೇಲೆ:

"ಅಯ್ಯೋ ನನ್ನಪ್ಪಾ ಜೆಯಕುಮಾರಾ…
ತೊಟ್ಲಾಗೆ ಮಲಗ್ಸಿ ತೂಗಿದ್ನಲ್ಲಾ
ಚಟ್ಟದಾಗೆ ಮಲಗಿ ಓಗ್ತೀಯಲ್ಲಾ…"

ಜೆಯಕುಮಾರ್ ನಾನೇ.

ಪುರೋಹಿತರ ಕೈಯಿಂದ ಗಂಟೆ ಬಿತ್ತು. ಅವರಿಗೆ ಕನ್ನಡ ಬಾರದು, ಆದರೆ ಒಪ್ಪಾರಿಯ ರಾಗ ತಿಳಿಯುವುದಕ್ಕೆ ಭಾಷೆ ಬೇಕೇ? "ನಿಲ್ಸಿ! ನಿಲ್ಸಿ!" ಎಂದು ಮಣಿ ಕಿರುಚಿದಳು. ನಿಲ್ಲಿಸುವುದು ಎಲ್ಲಿ? ಅಂಗಿ ಬೀರುವಿನಲ್ಲಿದೆ ಎಂದಳು ಜೆಯಂತಿ. ಬೀರು ಯಾವುದು? ಗೋಡೆಯ ತುಂಬ ಹಿಡಿಯಿಲ್ಲದ ಹಲಗೆಗಳು. ನೆಂಟರೆಲ್ಲ ಸಾಲಾಗಿ ನಿಂತು ನನ್ನ ಮನೆಯ ಗೋಡೆಗಳನ್ನು ತಳ್ಳಲು ಶುರುಮಾಡಿದರು. ಒಂದು ಹಲಗೆ ತೆರೆದರೆ ಪೊರಕೆ, ಇನ್ನೊಂದು ತೆರೆದರೆ ಕಕ್ಕಸು. ಜೆಯಂತಿಯ ಗಂಡ ಓಡಿಹೋಗಿ ಮೇನ್ ಸ್ವಿಚ್ ಆರಿಸಿದ. ದೀಪ ಹೋಯಿತು, ಫ್ಯಾನು ನಿಂತಿತು. ಅತ್ತೆಯ ದನಿ ಇನ್ವರ್ಟರ್‌ನ ಕೃಪೆಯಿಂದ ಇನ್ನೂ ಸ್ಪಷ್ಟವಾಗಿ ಕೇಳಿತು.

"ಪರೀಕ್ಸೆ ಬರೀದೆ ಪಾಸಾದೆ ಅಂದ್ಯಲ್ಲಾ
ನಿಮ್ಮಪ್ಪ ಬೀದಿಗೆಲ್ಲ ಬೆಲ್ಲ ಹಂಚಿದ್ನಲ್ಲಾ…
ನೆಂಟ್ರು ಬಂದ್ರೆ ಇತ್ಲ ಬಾಗ್ಲಾಗೆ ಓಡಿದ್ಯಲ್ಲಾ
ಅಂಗಡೀಲಿ ಲೋಡು ಬಂತು ಅಂತ ಹೇಳ್ಸಿದ್ಯಲ್ಲಾ…"

ಆ ನೆಂಟರೆಲ್ಲ ಅಲ್ಲೇ ನಿಂತು ಗೋಡೆ ತಳ್ಳುತ್ತಿದ್ದರು. ತಳ್ಳುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು.

ಅಷ್ಟರಲ್ಲಿ ಬೀರು ಸಿಕ್ಕಿ, ಅಂಗಿ ಸಿಕ್ಕಿ, ಫೋನು ನನ್ನ ಕೈಗೆ ಬಂತು. ಬೆರಳು ಇಡುವುದರಲ್ಲಿದ್ದೆ. ಮೂಲೆಯಲ್ಲಿ ಕೂತಿದ್ದ ಮುತ್ತುಮಾರಿ ಅತ್ತೆ ಕೋಲನ್ನು ನೆಲಕ್ಕೆ ಬಡಿದಳು.

"ಕೈ ತೆಗಿಯೋ! ಸುರುವಾದ ಒಪ್ಪಾರಿನ ನಡುವೆ ಕತ್ತರಿಸಬಾರದು. ಕತ್ತರಿಸಿದ್ರೆ ಅಂದಿದ್ದು ಅಂಗೇ ಆಗ್ತದೆ."

"ಆಮಾ, ಆಮಾ" ಎಂದು ಹೌದುಗುಟ್ಟಿದರು ಮುದುಕಿಯರೆಲ್ಲ ಒಟ್ಟಿಗೆ. ಇದು ನಮ್ಮಲ್ಲಿ ಕೂಸಿಗೂ ಗೊತ್ತಿರುವ ನಿಯಮ. ಅರ್ಧಕ್ಕೆ ನಿಂತ ಅಳು ಮನೆಯಲ್ಲೇ ಉಳಿದು ಇನ್ನೊಂದು ಸಾವಿಗೆ ಕಾಯುತ್ತದೆ. ನೋಡುತ್ತಿದ್ದ ಹಾಗೆ ಆರು ಮುದುಕಿಯರು ಹೊಸ ಟೈಲ್ಸಿನ ಮೇಲೆ ಕೂತು, ಒಬ್ಬರ ಹೆಗಲಿಗೊಬ್ಬರು ಕೈ ಹಾಕಿ, ಸೀಲಿಂಗಿನ ಪ್ರತಿ ಸಾಲಿಗೂ "ಅಯ್ಯೋ ನನ್ನಪ್ಪಾ" ಎಂದು ಸೇರಿಸಲು ಶುರುಮಾಡಿದರು. ನಾನು ಅವರ ನಡುವೆ ಅಂಗಿಯಿಲ್ಲದೆ, ಜೀವಂತವಾಗಿ, ಫೋನು ಹಿಡಿದು ನಿಂತಿದ್ದೆ.

ಪೋರ್ಟಿಕೋದ ಎರಡು ಸ್ಪೀಕರ್‌ಗಳು ಬೀದಿಗೆ ಸುದ್ದಿ ಮುಟ್ಟಿಸಿದ್ದವು. ಎದುರುಮನೆಯ ಪಳನಿಸಾಮಿ, ರಿಟೈರಾದ ಕಂಡಕ್ಟರ್, ಅಪ್ಪಟ ತಮಿಳರು. ಅವರಿಗೆ ರಾಗವೂ ನನ್ನ ಹೆಸರೂ ತಿಳಿದವು, ಉಳಿದದ್ದು ಬೇಕಾಗಲಿಲ್ಲ. ಹೂವಿನ ಅಂಗಡಿಗೆ ಓಡಿಹೋಗಿ ದೊಡ್ಡದೊಂದು ಗುಲಾಬಿ ಹಾರ ತಂದು, ತಲೆ ತಗ್ಗಿಸಿಕೊಂಡು ಒಳಗೆ ಬಂದರು. ತಲೆ ಎತ್ತಿದರೆ ಎದುರಿಗೆ ನಾನು. ಅವರು ಹಾರವನ್ನು ನೋಡಿದರು, ನನ್ನನ್ನು ನೋಡಿದರು. ತಂದದ್ದನ್ನು ಏನು ಮಾಡುವುದು, ನನ್ನ ಕೊರಳಿಗೇ ಹಾಕಿ ಕೈ ಮುಗಿದರು.

ಮಣಿ ಒಲೆಯ ಮುಂದೆ ಸೌಟು ಹಿಡಿದುಕೊಂಡು ಹಲ್ಲು ಕಡಿಯುತ್ತಿದ್ದಳು. ಒಪ್ಪಾರಿ ಮುಗಿದ ಮೇಲೆ ನನಗೂ ಅತ್ತೆಗೂ ಗ್ರಹಚಾರ ಕಾದಿದೆ ಎಂದುಕೊಂಡೆ. ಅಷ್ಟು ಹೊತ್ತಿಗೆ ಅತ್ತೆಯ ದನಿ ಇಳಿಯಿತು. ಅವಳ ಒಪ್ಪಾರಿಯಲ್ಲಿ ದನಿ ಇಳಿಯಿತೆಂದರೆ ಮುಖ್ಯವಾದದ್ದು ಬರುತ್ತದೆ ಎಂದು ನಮ್ಮವರಿಗೆಲ್ಲ ಗೊತ್ತು. ಮುದುಕಿಯರು ಸುಮ್ಮನಾದರು.

"ಎದ್ಯಾಗೆ ಮೂರು ಅಡೈಪ್ಪು ಇಟ್ಕೊಂಡು
ಸೂರಿಗೆ ಎಂಟು ತೂತ ಕೊರೆಸಿದ್ಯಲ್ಲಾ…
ಡಾಕ್ಟ್ರು ಬಾ ಅಂದ್ರೆ ಬರಲ್ಲ ಅಂದ್ಯಲ್ಲಾ
ಕತ್ತಿಗೆ ಹೆದ್ರಿ ಕಟ್ಟಿಗೆಗೆ ಒಂಟ್ಯಲ್ಲಾ…
ಮಣಿಗೆ ಒಂದ್ ಮಾತ ಹೇಳದೆ ನನ್ನಪ್ಪಾ
ಮಣ್ಣಿಗೆ ಒಬ್ಬನೇ ಒಂಟ್ಯಲ್ಲಾ…"

ಹಾಲು ಉಕ್ಕಿತು. ಉಕ್ಕಿ ಮಡಕೆಯ ನಾಲ್ಕು ಕಡೆಗೂ ಇಳಿದು ಒಲೆಯನ್ನೇ ಆರಿಸಿತು. ಹಾಲು ಉಕ್ಕಿದಾಗ ಎಲ್ಲರೂ ಕೂಗಿ ಸಂತೋಷಪಡಬೇಕು. ಒಬ್ಬರೂ ಬಾಯಿ ತೆರೆಯಲಿಲ್ಲ.

"ಮಾವ," ಎಂದಳು ಮಣಿ. "ಮಧುರೇಲಿ ಪೈಪಿನ ಮೀಟಿಂಗು ಅಂದ್ರಲ್ಲ?"

ನಾನು ಅತ್ತೆಯ ಕಡೆ ತಿರುಗಿದೆ. "ಅತ್ತೆ, ನನ್ನ ತಲೆ ಮುಟ್ಟಿ ಆಣೆ ಮಾಡಿದ್ದೆಯಲ್ಲ!"

"ಅಳೋವಾಗ ಅಂದಿದ್ದಕ್ಕೆ ಆಣೆ ಇಲ್ಲ ಕಣೋ. ಕೇಳು ಯಾರನ್ನಾದ್ರೂ."

ಆರು ಮುದುಕಿಯರೂ ತಲೆಯಾಡಿಸಿದರು. ಅದೂ ನಿಯಮವೇ. ಒಪ್ಪಾರಿಯಲ್ಲಿ ಆಡಿದ ಮಾತಿಗೆ ಪಂಚಾಯ್ತಿ ಇಲ್ಲ, ದೋಷ ಇಲ್ಲ, ಎದುರುತ್ತರವೂ ಇಲ್ಲ. ಏನು ಬೇಕಾದರೂ ಅನ್ನು ಎಂದು ಅನುಮತಿ ಕೊಟ್ಟು ಗುಂಡಿ ಒತ್ತಿ ಕೊಟ್ಟವನು ನಾನೇ.

ಮಣಿ ಬೈಯಲಿಲ್ಲ. ಮದುವೆಯಾದ ಮೂವತ್ತೊಂದು ವರ್ಷಗಳಲ್ಲಿ ಅವಳು ನನ್ನನ್ನು ಬೈಯಬಹುದಾಗಿದ್ದೂ ಬೈಯದೆ ಬಿಟ್ಟದ್ದು ಅದೊಂದೇ ಸಲ, ಮತ್ತು ನನಗೆ ಆ ದಿನ ನಿಜವಾಗಿ ಭಯವಾದದ್ದು ಆಗಲೇ. ಸೌಟನ್ನು ಕೆಳಗಿಟ್ಟಳು. ಬಂದು ನನ್ನ ಎದೆಯ ಮೇಲಿದ್ದ ಗುಲಾಬಿ ಹಾರವನ್ನು ಪಕ್ಕಕ್ಕೆ ಸರಿಸಿ, ಅಂಗೈ ಇಟ್ಟು ನೋಡಿದಳು. ಅವಳ ಕೈ ಹಾಲಿನ ಬಿಸಿಗೆ ಕೆಂಪಾಗಿತ್ತು.

"ನಾ ಎಂಟು ಬೇಕು ಅಂತ ಕುಣೀತಿದ್ದಾಗ," ಎಂದಳು ಮೆಲ್ಲಗೆ, "ನಿಮ್ಮ ಬಾಯಲ್ಲಿ ಏನಿತ್ತು ಮಾವ? ಒಂದ್ ಮಾತು ಹೇಳಕ್ಕಾಗ್ಲಿಲ್ವಾ?"

ನನಗೆ ಅಳು ಬಂತು. ಸತ್ತವನೇ ಅಳುವ ಒಪ್ಪಾರಿಯನ್ನು ಕಣಿವೆಯಲ್ಲಿ ಯಾರೂ ನೋಡಿರಲಿಲ್ಲ ಎಂದು ಕಾಣುತ್ತದೆ, ನೆಂಟರೆಲ್ಲ ಹತ್ತಿರ ಬಂದು ನೋಡಿದರು.

ಇಷ್ಟಾದರೂ ನನ್ನೊಳಗೆ ಒಂದು ಆಸೆ ಉಳಿದಿತ್ತು. ಒಪ್ಪಾರಿಗೆ ಎರಡು ಭಾಗ. ಮೊದಲು ಬೈಗುಳ, ಆಮೇಲೆ ಹೊಗಳಿಕೆ. ಎಂಥ ಲಫಂಗ ಸತ್ತಿದ್ದರೂ ಕೊನೆಯಲ್ಲಿ ಅತ್ತೆ ಅವನನ್ನು ಕರ್ಣ ಮಾಡಿ ಕಳಿಸುತ್ತಿದ್ದಳು, ಸೂರ್ಯ ಮಾಡಿ ಕಳಿಸುತ್ತಿದ್ದಳು. ಬಂದ ನೆಂಟರ ಮುಂದೆ ಮಾನವೆಲ್ಲ ಹೋಗಿತ್ತು, ಹೊಗಳಿಕೆಯಲ್ಲಾದರೂ ಒಂದಿಷ್ಟು ವಾಪಸು ಬರಬಹುದು ಎಂದು ಕಿವಿಗೊಟ್ಟು ಕಾದೆ. ಮುದುಕಿಯರೂ ಕಾದರು. ಸೀಲಿಂಗು ಒಮ್ಮೆ ಮೂಗು ಒರೆಸಿಕೊಂಡಿತು. ಕೆಮ್ಮಿತು. ಆಮೇಲೆ ಮಾಮೂಲಿ ದನಿಯಲ್ಲಿ, "ಏ ಜೆಯಕುಮಾರು, ಇದ ಎಂಗೋ ನಿಲ್ಸೋದು?" ಎಂದಿತು. ಅದರ ನಂತರ ಎಲೆಯಡಿಕೆ ಕುಟ್ಟುವ ಸದ್ದು ಮಾತ್ರ ಎಂಟು ಕಡೆಯಿಂದಲೂ ಟಕ್ ಟಕ್ ಎಂದು ಬರತೊಡಗಿತು.

ಒಂದು ಹೊಗಳಿಕೆ ಇಲ್ಲ. ಒಂದೇ ಒಂದು!

ಹೊಸ ಮನೆಯಲ್ಲಿ ಒಂದು ತುತ್ತೂ ಉಣ್ಣದೆ ನಾನು ಜೆಯಂತಿಯ ಕಾರು ಹತ್ತಿದೆ. ಬಾಳೆಯೆಲೆ ಹಾಸಿದ್ದರು, ಪಾಯಸದ ವಾಸನೆ ಬೀದಿಯವರೆಗೆ ಬರುತ್ತಿತ್ತು. ಮಣಿ ರೇಷ್ಮೆ ಸೀರೆಯಲ್ಲೇ ನನ್ನ ಪಕ್ಕ ಕೂತು, ನನ್ನ ಮಣಿಕಟ್ಟನ್ನು ಮಧುರೆ ಬರುವವರೆಗೆ ಬಿಡಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ಕೊರಳಿನ ಹಾರ ನೋಡಿ, "ಮೆರವಣಿಗೆಯಲ್ಲಿ ಬಂದಿರಾ?" ಎಂದರು. ಒಳಗೆ ನೋಡಿದ ಮೇಲೆ ಅವರ ತಮಾಷೆ ನಿಂತಿತು. ಹೊರಗೆ ಬಂದು ಮಣಿಗೆ, ಇನ್ನೊಂದು ವಾರ ತಡವಾಗಿದ್ದರೆ ಇವರನ್ನು ಇಲ್ಲಿಗೆ ಕರೆತರುವ ಕೆಲಸ ಇರುತ್ತಿರಲಿಲ್ಲ ಎಂದು ಹೇಳಿದರಂತೆ. ಮಾರನೆಯ ದಿನ ಎದೆ ತೆರೆದರು. ನಾಲ್ಕು ಗಂಟೆ. ಮುಚ್ಚಿದರು. ಎದ್ದೆ.

ಹದಿನೈದು ದಿನದ ಮೇಲೆ ಮನೆಗೆ ಬಂದು, ಎದೆಗೆ ದಿಂಬು ಒತ್ತಿಕೊಂಡು ಕೂತಿದ್ದಾಗ ಮುತ್ತುಮಾರಿ ಅತ್ತೆ ಪಕ್ಕದಲ್ಲಿ ಬಂದು ಕೂತಳು. ನನಗೆ ಅಷ್ಟು ದಿನವೂ ಕೊರೆಯುತ್ತಿದ್ದದ್ದು ಹೊಲಿಗೆಯಲ್ಲ.

"ಅತ್ತೆ, ಬೈದದ್ದೆಲ್ಲ ಸರಿ. ಕೊನೆಗೆ ಎರಡು ಸಾಲು ಹೊಗಳಲಿಲ್ಲವಲ್ಲ ನೀನು? ನನ್ನಲ್ಲಿ ಒಳ್ಳೆಯದು ಒಂದೂ ಕಾಣಲಿಲ್ಲವಾ ನಿನಗೆ?"

ಅತ್ತೆ ಕಿಟಕಿಯ ಕಡೆ ಮುಖ ಮಾಡಿದಳು.

"ಬೈಗುಳ ಪೂರಾ ಮುಗಿಸಿದೀನಿ, ಅದು ಕತ್ತರಿಸಿದ್ದಲ್ಲ. ಬಯ್ಯೋದು ತಡೆಯೋಕೆ, ಹೊಗಳೋದು ಕಳಿಸೋಕೆ. ಹೊಗಳಿ ಮುಗಿದ ಮೇಲೇನೇ ಹೆಣ ಎತ್ತೋದು," ಎಂದಳು. "ನಾ ಸಾಕಿದ ಕೂಸು ನೀನು. ನಿನ್ನ ಯಾಕೋ ಕಳಿಸ್ಲಿ?"

ನಾನು ದಿಂಬನ್ನು ಬಿಗಿಯಾಗಿ ಒತ್ತಿಕೊಂಡೆ. ಹೊಲಿಗೆ ಒಣಗುವವರೆಗೆ ಜೋರಾಗಿ ಅಳಬಾರದು ಎಂದು ಡಾಕ್ಟರು ಹೇಳಿದ್ದರು.

ಆದರೆ ನಾವಿಬ್ಬರೇ ಇದ್ದೇವೆ ಎಂದುಕೊಂಡದ್ದು ತಪ್ಪಾಯಿತು. ಬಾಗಿಲಿನ ಹಿಂದೆ (ಅದು ಬಾಗಿಲು ಎಂದು ನನಗೆ ಹೊಳೆದಿರಲಿಲ್ಲ) ಮಣಿ ನಿಂತಿದ್ದಳು, ಪ್ರತಿ ಮಾತನ್ನೂ ಕೇಳಿಸಿಕೊಂಡಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಹೊಸ ಕಾನೂನು ಜಾರಿಯಾಗಿದೆ. ನನ್ನನ್ನು ಯಾರೂ ಹೊಗಳಕೂಡದು. ಒಪ್ಪಾರಿಯ ಮೊದಲ ಭಾಗ ಆಗಿಹೋಗಿದೆ, ಎರಡನೆಯದು ಬಾಯಿ ತಪ್ಪಿ ಬಂದರೂ ಲೆಕ್ಕ ಮುಗಿದುಬಿಡುತ್ತದೆ ಎಂಬುದು ಅವಳ ಗಟ್ಟಿ ನಂಬಿಕೆ. ಮೊನ್ನೆ ಪಳನಿಸಾಮಿಯವರು ಬಂದು, "ನಿಮ್ಮ ಯಜಮಾನರು ಚಿನ್ನದಂಥ…" ಎಂದು ಶುರುಮಾಡುವುದರೊಳಗೆ ಅವರ ಬಾಯಿಗೆ ಮುರುಕ್ಕು ತುರುಕಿದಳು. ಜೆಯಂತಿ ದಿಂಡಿಗಲ್‌ನಿಂದ ದಿನಾ ಬೆಳಿಗ್ಗೆ ಫೋನು ಮಾಡಿ ಅಕ್ಕನ ಅಪ್ಪಣೆಯ ಪ್ರಕಾರ ನನ್ನನ್ನು ಬೈದು ಇಡುತ್ತಾಳೆ. ಮಣಿಯಂತೂ ಮಾತ್ರೆಯ ಜೊತೆ ಬೈಗುಳವನ್ನೂ ಮೂರು ಹೊತ್ತು, ಊಟದ ನಂತರ ಕೊಡುತ್ತಾಳೆ. ಬೈಯುವಾಗ ಒಮ್ಮೊಮ್ಮೆ ಅವಳ ಕಣ್ಣು ತುಂಬುತ್ತದೆ, ಆಗ ಇನ್ನೂ ಜೋರಾಗಿ ಬೈಯುತ್ತಾಳೆ.

ಆದ್ದರಿಂದ ನಿಮ್ಮಲ್ಲಿಯೂ ಒಂದು ವಿನಂತಿ. ಇದನ್ನು ಓದಿ ಮುಗಿಸಿದ ಮೇಲೆ ಚೆನ್ನಾಗಿ ಬರೆದಿದ್ದಾನೆ ಎಂದು ಎಲ್ಲೂ ಹೇಳಬೇಡಿ. ನನಗೆ ಇನ್ನೂ ಸ್ವಲ್ಪ ದಿನ ಬದುಕಬೇಕಾಗಿದೆ.